ಲಾರಾವೆಲ್ ಐಡಿಇ ಹೆಲ್ಪರ್: ವರ್ಷಗಟ್ಟಲೆ ಬಳಸಿದ ಮೇಲೆ

ಕಲಬುರಗಿಯ ಒಂದು ದಾಲ್ ಮಿಲ್‌ಗೆ ನಾವು ಬರೆದುಕೊಟ್ಟ ಸಾಫ್ಟ್‌ವೇರ್ ಇರುವುದು ಲಾರಾವೆಲ್‌ನಲ್ಲಿ, ಅಂದರೆ ಪಿಎಚ್‌ಪಿ ಭಾಷೆಯಲ್ಲಿ ವೆಬ್ ಸಾಫ್ಟ್‌ವೇರ್ ಕಟ್ಟಲು ಇರುವ ಸಿದ್ಧ ಚೌಕಟ್ಟಿನಲ್ಲಿ. ತೊಗರಿ ಆವಕ, ತೂಕ, ದರ, ರೈತರ ಪಾವತಿ ಎಲ್ಲವೂ ಅದರಲ್ಲೇ ನಡೆಯುತ್ತದೆ. ಆ ಕೋಡ್ ಇವತ್ತಿಗೂ ಓದುವ ಹಾಗಿದೆ ಎಂದರೆ ಅರ್ಧ ಪುಣ್ಯ ಐಡಿಇ ಹೆಲ್ಪರ್ ಎಂಬ ಈ ಉಚಿತ ಪ್ಯಾಕೇಜ್‌ನದು. ಕೋಡ್ ಬರೆಯುವ ಎಡಿಟರ್‌ಗೆ (ಐಡಿಇ) ತಾನಾಗಿ ಕಾಣದ ವಿವರಗಳನ್ನು ಇದು ಬರೆದುಕೊಡುತ್ತದೆ.

ಲಾರಾವೆಲ್‌ನ ಮಾಡೆಲ್ ಕ್ಲಾಸ್ (ಡೇಟಾಬೇಸ್‌ನ ಒಂದು ಟೇಬಲ್‌ಗೆ ಕೋಡ್‌ನಲ್ಲಿರುವ ಪ್ರತಿರೂಪ) ತೆರೆದು ನೋಡಿ. ಅಲ್ಲಿ ತೂಕವೂ ಕಾಣಿಸದು, ದರವೂ ಕಾಣಿಸದು. ಅವೆಲ್ಲ ಡೇಟಾಬೇಸ್‌ನ ಕಾಲಂಗಳು. ಕೇಳಿದಾಗ 'ಗೆಟ್' ಎಂಬ ಮ್ಯಾಜಿಕ್ ಮೆಥಡ್ (ಕ್ಲಾಸ್‌ನಲ್ಲಿ ಇಲ್ಲದ ಹೆಸರು ಕೇಳಿದಾಗ ಪಿಎಚ್‌ಪಿ ತಾನೇ ಕರೆಯುವ ಫಂಕ್ಷನ್) ಅವನ್ನು ತಂದುಕೊಡುತ್ತದೆ. ಎಡಿಟರ್‌ಗೆ ಇದು ಹೇಗೆ ಗೊತ್ತಾಗಬೇಕು? ಹೆಸರಲ್ಲಿ ಒಂದಕ್ಷರ ತಪ್ಪಿದರೆ, ಇಂಥ ತಪ್ಪನ್ನು ಹಿಡಿಯುವ ಸ್ಟ್ರಿಕ್ಟ್ ಮೋಡ್ ಹಾಕಿರದಿದ್ದರೆ, ಸುಮ್ನೆ ನಲ್ (ಖಾಲಿ ಮೌಲ್ಯ) ಬರುತ್ತದೆ. 2022ರ ಪಿಎಚ್‌ಪಿ 8.2 ಡೈನಾಮಿಕ್ ಪ್ರಾಪರ್ಟಿಗೆ (ಮೊದಲೇ ಘೋಷಿಸದೆ ಸೃಷ್ಟಿಸಿದ್ದಕ್ಕೆ) ಎಚ್ಚರಿಕೆ ಕೊಡುತ್ತದೆ, ನಿಜ. ಆದರೆ ಮ್ಯಾಜಿಕ್ ಮೆಥಡ್ ಮೂಲಕ ಹೋಗುವ ಇಂಥವು ಅದರ ಕಣ್ಣಿಗೆ ಬೀಳುವುದಿಲ್ಲ.

ಹೆಲ್ಪರ್‌ನ ಒಂದು ಕಮಾಂಡ್ ಕೊಟ್ಟರೆ ಸಾಕು, ಟೇಬಲ್ ಓದಿ ಪ್ರತಿ ಕಾಲಂಗೂ ಒಂದು ಪ್ರಾಪರ್ಟಿ ಟ್ಯಾಗ್ (ಕಾಲಂನ ಹೆಸರು, ಟೈಪ್ ಹೇಳುವ, ಎಡಿಟರ್ ಓದಬಲ್ಲ ಟಿಪ್ಪಣಿ) ಬರೆಯುತ್ತದೆ. ಖಾಲಿ ಬಿಡಬಹುದಾದ ಕಾಲಂಗೆ ನಲ್ ಕೂಡ ಸೇರಿಸುತ್ತದೆ. ರಿಲೇಶನ್‌ಗಳನ್ನು (ಒಂದು ಟೇಬಲ್‌ಗೆ ಇನ್ನೊಂದರ ಜೊತೆಗಿರುವ ನಂಟು) 'ಓದಲು ಮಾತ್ರ' ಎಂದು ಗುರುತಿಸುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ. ಮೈಗ್ರೇಶನ್‌ನಲ್ಲಿ (ಟೇಬಲ್ ಕಟ್ಟುವ, ಬದಲಿಸುವ ಕೋಡ್ ಫೈಲ್) ಕಾಲಂಗೆ ಕಾಮೆಂಟ್ ಬರೆದಿದ್ದರೆ ಅದೂ ಟ್ಯಾಗ್‌ನ ಪಕ್ಕಕ್ಕೆ ಬರುತ್ತದೆ. ಹೊಸದಾಗಿ ಸೇರಿದ ಹುಡುಗನೊಬ್ಬ ಕೇಳಿದ್ದ: "ಸರ್, ತೂಕ ಅಂದ್ರ ಚೀಲ ಹಿಡಿದೋ, ಚೀಲ ಬಿಟ್ಟೋ? ಕಿಲೋನೋ, ಕ್ವಿಂಟಲೋ?" ಟೈಪ್ ಒಂದೇ ಇದ್ದರೆ ಇದಕ್ಕೆ ಉತ್ತರ ಸಿಗುವುದಿಲ್ಲ, ಅಲ್ವಾ? ರೈತನ ಪಾವತಿ ನಿಂತಿರುವುದೇ ಇದರ ಮೇಲೆ. ಈಗ 'ಚೀಲ ಕಳೆದ ತೂಕ, ಕ್ವಿಂಟಲ್‌ನಲ್ಲಿ' ಎಂದು ಕನ್ನಡದಲ್ಲೇ ಕಾಮೆಂಟ್ ಇದೆ. ಮೌಸ್ ಇಟ್ಟರೆ ಎಡಿಟರ್‌ನಲ್ಲೇ ಕಾಣುತ್ತದೆ. ಕಾಮೆಂಟ್ ಇಲ್ಲದ ಕಾಲಂ ಅನ್ನು ನಾವು ಈಗ ರಿವ್ಯೂನಲ್ಲೇ ವಾಪಸ್ ಕಳಿಸುತ್ತೇವೆ.

ತೊಡಕುಗಳೂ ಇವೆ. ಡೇಟಾಬೇಸ್ ಸಂಪರ್ಕ ಬೇಕೇ ಬೇಕು. ಟೇಬಲ್ ಬದಲಾದಾಗ ಕಮಾಂಡ್ ಮತ್ತೆ ಓಡಿಸದಿದ್ದರೆ ಟ್ಯಾಗ್ ಹಳೆಯದಾಗೇ ಉಳಿಯುತ್ತದೆ. ಟ್ಯಾಗ್ ಇಲ್ಲದಿರುವುದಕ್ಕಿಂತ ಹಳೆಯ ಟ್ಯಾಗ್ ಕೆಟ್ಟದ್ದು, ಏಕೆಂದರೆ ಜನ ಅದನ್ನು ನಂಬುತ್ತಾರೆ. ಮಾಡೆಲ್ ಫೈಲ್‌ಗೇ ಬರೆಸುವವರು ಹಳೆಯ ಟ್ಯಾಗ್ ಅಳಿಸುವ ರಿಸೆಟ್ ಆಯ್ಕೆಯನ್ನೂ ಹಾಕಿ. ಇಲ್ಲವಾದರೆ ತೆಗೆದುಹಾಕಿದ ಕಾಲಂನ ಟ್ಯಾಗ್ ಅಲ್ಲೇ ಇರುತ್ತದೆ. ರಿಸೆಟ್ ಹಾಕಿದಾಗ ಕೈಯಲ್ಲಿ ಬರೆದ ಟ್ಯಾಗ್‌ಗಳು ಅಳಿಸಿಹೋಗಬಹುದು, ಅದಕ್ಕೇ ವಿವರಣೆಯನ್ನು ಮೈಗ್ರೇಶನ್‌ನಲ್ಲಿ ಇಡುವುದು ವಾಸಿ.