ಮೀನು ಹೊಡೆಯೋಕೆ ಯಾವ ಬಿಲ್ಲು: ಮೂರು ಬಿಲ್ಲು, ಮೂರು ರೀಲು, ಒಂದು ತೂತು ಬಿದ್ದ ಹೊಂಡ

ಮೊದಲೇ ಹೇಳಿಬಿಡ್ತೀನಿ: ಬಿಲ್ಲಿಗೆ ಕಮ್ಮಿ ದುಡ್ಡು ಹಾಕಿ, ರೀಲು-ದಾರಕ್ಕೆ (ಬಾಣಕ್ಕೆ ಕಟ್ಟೋ ದಾರ, ಅದನ್ನ ಸುತ್ತೋಕೆ ಬಿಲ್ಲಿಗೆ ಬಿಗಿಯೋ ರೀಲು) ಜಾಸ್ತಿ ಹಾಕಿ. ನಾನು ಉಲ್ಟಾ ಮಾಡಿ ಕೈ ಸುಟ್ಟುಕೊಂಡವನು.

ಹಿರಿಯೂರಿನ ಹತ್ತಿರ ದೊಡ್ಡಪ್ಪನ ಹೊಲದಲ್ಲಿ ಒಂದು ಹಳೇ ಮಣ್ಣಿನ ಕಟ್ಟೆ ಇದೆ. ಕಾಟ್ಲಾ, ರೋಹು ಮರಿ ಬಿಟ್ಟಿದ್ದರು. ಅದರ ಜೊತೆ ಹೇಗೋ ಜಿಲೇಬಿ ಮೀನೂ (ತಿಲಾಪಿಯಾ) ಸೇರಿಕೊಂಡಿತ್ತು. ಜಿಲೇಬಿ ಒಂದು ಸಲ ನೀರಿಗೆ ಬಿತ್ತು ಅಂದರೆ ಮರಿ ಹಾಕಿ ಹಾಕಿ ಉಳಿದ ಮೀನಿನ ಮೇವನ್ನೆಲ್ಲ ತಿಂದು ಮುಗಿಸುತ್ತೆ. ಸಾಲದ್ದಕ್ಕೆ ಸಾಮಾನ್ಯ ಗೆಂಡೆ ಬೇರೆ, ಏರಿಯ ಬುಡ ಕೆದಕಿ ನೀರೆಲ್ಲ ಬಗ್ಗಡ. ಬಲೆ ಹಾಕಿದರೆ ಕಾಟ್ಲಾನೂ ಬರುತ್ತೆ. ಗಾಳಕ್ಕೆ ಯಾವುದು ಕಚ್ಚುತ್ತೋ ನಮ್ಮ ಕೈಲಿಲ್ಲ. ಬಿಲ್ಲಾದರೆ ಕಣ್ಣಲ್ಲಿ ನೋಡಿ, ಇದೇ ಬೇಕು ಅಂತ ಹೊಡೆಯಬಹುದು. ಹಾಗೆ ಶುರುವಾಯ್ತು. ಊರಲ್ಲಿ "ಬಂದ್ರಪ್ಪ ಮದಕರಿ ನಾಯಕ್ರು" ಅಂತ ಆಡಿಕೊಂಡವರೇ ಆಮೇಲೆ ಸಾರಿಗೆ ಮೀನು ಕೇಳೋಕೆ ಬಂದರು.

ಮೊದಲನೇದು ಬಿದಿರಿನ ಬಿಲ್ಲು. ಐದಡಿ ಬಿದಿರು ಸೀಳಿ, ಬೆಂಕಿಗೆ ಹಿಡಿದು ಬಗ್ಗಿಸಿ, ನೈಲಾನ್ ಹೆದೆ ಕಟ್ಟಿದ್ದು. ಖರ್ಚು ಇನ್ನೂರು ರೂಪಾಯಿ ಒಳಗೆ. ಒಂದಡಿ ಆಳದ ಜಿಲೇಬಿಗೆ ಇದೇ ಸಾಕಾಗಿತ್ತು ಅಂದರೆ ನಂಬ್ತೀರಾ? ಆದರೆ ಬೆಳಗ್ಗೆ ಒಂದು ಎಳೆತ, ಬಿಸಿಲೇರಿದ ಮೇಲೆ ಇನ್ನೊಂದು ಎಳೆತ. ಎರಡು ಕೇಜಿ ಗೆಂಡೆಯ ಹುರುಪೆಗೆ ತಾಗಿ ಬಾಣ ಜಾರಿ ಹೋದದ್ದು ಎರಡು ಸಲ. ಮೂರನೇ ತಿಂಗಳಿಗೆ ಬಿಲ್ಲೇ ಸೀಳಿತು.

ಎರಡನೇದು ಮೂರು ತುಂಡಿನ ರಿಕರ್ವ್ (ತುದಿ ಮುಂದಕ್ಕೆ ಬಾಗಿರೋ ಬಿಲ್ಲು), ನಲವತ್ತು ಪೌಂಡ್. ಹೆದೆಯನ್ನು ಪೂರ್ತಿ ಎಳೆಯೋಕೆ ಎಷ್ಟು ಬಲ ಬೇಕು ಅನ್ನೋದನ್ನ ಪೌಂಡಿನಲ್ಲಿ ಹೇಳ್ತಾರೆ. ಆನ್‌ಲೈನಲ್ಲಿ ಏಳು ಸಾವಿರದ ಆಸುಪಾಸು ಬಿತ್ತು. ಇದರ ಗುಣ ಏನಂದರೆ ಪೂರ್ತಿ ಎಳೆಯಲೇಬೇಕು ಅಂತಿಲ್ಲ. ಮೀನು ಕಾಣೋದು ಎರಡು ಕ್ಷಣ. ಅರ್ಧ ಎಳೆದು ಬಿಟ್ಟರೂ ಬಾಣ ಹೋಗುತ್ತೆ.

ಮೂರನೇದು ಸ್ನೇಹಿತನ ಕಾಂಪೌಂಡ್ ಬಿಲ್ಲು, ಗಾಲಿ ಇರೋದು, ಐವತ್ತು ಪೌಂಡಿಗೆ ಇಟ್ಟಿದ್ದ. ಗುರಿ ಹಲಗೆಗೆ ಹೊಡೆಯೋಕೆ ಅದರ ಮುಂದೆ ಇನ್ನೊಂದಿಲ್ಲ. ಪೂರ್ತಿ ಎಳೆದ ಮೇಲೆ ಭಾರ ಇಳಿಯುತ್ತೆ, ನಿಧಾನಕ್ಕೆ ಗುರಿ ಹಿಡಿಯಬಹುದು. ಕಟ್ಟೆ ಏರಿ ಮೇಲೆ ಅದೇ ತೊಂದರೆ. ಪೂರ್ತಿ ಎಳೆಯೋ ಹೊತ್ತಿಗೆ ಮೀನು ಆ ಕಡೆ ದಡದಲ್ಲಿರುತ್ತೆ. ಮೀನಿಗೆ ಅಂತಲೇ ಮಾಡಿದ ಎಷ್ಟೋ ಕಾಂಪೌಂಡಲ್ಲಿ ಈ ಭಾರ ಇಳಿಯೋ ವ್ಯವಸ್ಥೆ ಇರಲ್ಲ, ಅದು ಬೇರೆ ಮಾತು. ಅದರ ಬೆಲೆ ಕೇಳಿ ಸುಮ್ಮನಾದೆ.

ನನ್ನ ಓಟು ರಿಕರ್ವ್‌ಗೆ. ಈಗ ಕೊಳ್ಳೋದಾದರೆ ನಲವತ್ತಲ್ಲ, ಮೂವತ್ತೈದು ಪೌಂಡಿಂದೇ ತಗೊಳ್ತೀನಿ. ಯಾಕೆ ಅಂದರೆ ಕೇಳಿ.

ನಮ್ಮ ಸ್ವಂತ ಜಮೀನಲ್ಲಿ ಕೃಷಿ ಹೊಂಡ ಇದೆ, 21 ಮೀಟರ್ ಉದ್ದಗಲ, 3 ಮೀಟರ್ ಆಳ, ತಳಕ್ಕೆ ಪ್ಲಾಸ್ಟಿಕ್ ಹೊದಿಕೆ. ಅಲ್ಲೂ ಒಂದು ಗೆಂಡೆ ಅಂಚಿಗೆ ಬಂದು ನಿಂತಿತ್ತು. ಹೊಡೆದೆ. ನಲವತ್ತು ಪೌಂಡಿನ ರಭಸಕ್ಕೆ ಬಾಣ ಮೀನಿನ ಬೆನ್ನು ತೂರಿ ಕೆಳಗಿನ ಹೊದಿಕೆಗೂ ಇಳಿಯಿತು. ಮೊನೆಯ ಹಿಂಮುಳ್ಳು ಗೊತ್ತಲ್ಲ, ಎಳೆದಾಗ ಕಿರುಬೆರಳು ತೂರುವಷ್ಟು ಹರಿದುಕೊಂಡೇ ಮೇಲೆ ಬಂತು. ಎರಡು ವಾರದಲ್ಲಿ ನೀರು ಒಂದು ಮೊಳ ಇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ನಿಂಗೆ ಮೀನ್ ಬೇಕಾ, ನೀರ್ ಬೇಕಾ?" ಹೊದಿಕೆ ಹಾಕಿದ ಹೊಂಡದಲ್ಲಿ ಯಾವ ಬಿಲ್ಲೂ ಬೇಡ. ಜಾರುವ ಇಳಿಜಾರು ಬೇರೆ, ಕಾಲು ತಪ್ಪಿದರೆ ಮೇಲೆ ಹತ್ತೋದೇ ಕಷ್ಟ.

ಈಗ ರೀಲಿನ ವಿಷಯ. ಅಸಲಿ ವ್ಯತ್ಯಾಸ ಇರೋದು ಇಲ್ಲೇ.

ಕುಡಿಯೋ ನೀರಿನ ಬಾಟಲಿಗೆ ದಾರ ಸುತ್ತಿ ಬಿಲ್ಲಿನ ಮುಂದೆ ಟೇಪಲ್ಲಿ ಬಿಗಿದಿದ್ದೆ. ಬಾಣ ಹೋಗುವಾಗ ದಾರ ಸುರುಳಿ ಬಿಚ್ಚಿಕೊಂಡು ಹೋಗುತ್ತೆ, ಕೆಡೋಕೆ ಏನೂ ಇಲ್ಲ. ಮೀನನ್ನು ಬರಿಗೈಲಿ ದಾರ ಹಿಡಿದೇ ಎಳೆಯಬೇಕು, ಬೆರಳು ಕುಯ್ಯುತ್ತೆ. ಪ್ರತಿ ಹೊಡೆತ ಆದ ಮೇಲೆ ಮತ್ತೆ ಸುತ್ತಬೇಕು.

ಎರಡನೇದು ಒತ್ತುಗುಂಡಿ ಇರೋ ಸ್ಪಿನ್‌ಕಾಸ್ಟ್ ರೀಲು. ಸುತ್ತೋದು ಬೇಗ. ಆದರೆ ಬಾಣ ಬಿಡೋ ಮುಂಚೆ ಗುಂಡಿ ಒತ್ತಲೇಬೇಕು. ಒಂದು ದಿನ ದೊಡ್ಡ ಗೆಂಡೆ ನೋಡಿದ ಆತುರಕ್ಕೆ ಮರೆತೆ. ಪಟ್ ಅಂತ ದಾರ ಹರಿದು ಬಾಣ ಕೆಸರಿಗೆ ಹೋಯ್ತು. ಹರಿಯದೇ ಇದ್ದಿದ್ದರೆ ವಾಪಸ್ ನನ್ನ ಮುಖಕ್ಕೇ ಬರ್ತಿತ್ತು, ಅದನ್ನ ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತೆ.

ಮೂರನೇದು ಡಬ್ಬಿ ರೀಲು. ದಾರ ಡಬ್ಬಿಯೊಳಗೆ ಸಡಿಲವಾಗಿ ಬಿದ್ದಿರುತ್ತೆ, ಒತ್ತೋ ಗುಂಡಿ ಇಲ್ಲ, ಮರೆಯೋಕೂ ಏನಿಲ್ಲ. ಹಿಡಿ ಒತ್ತಿ ಸುತ್ತಿದರೆ ದಾರ ಒಳಗೆ ಬರುತ್ತೆ. ಸ್ವಲ್ಪ ನಿಧಾನ, ಆದರೆ ಹೊಸಬರಿಗೆ ಇದನ್ನೇ ಹೇಳ್ತೀನಿ.

ಯಾವ ರೀಲಾದರೂ ಸರಿ, ದಾರವನ್ನು ಬಾಣದ ಹಿಂದಿನ ತೂತಿಗೆ ನೇರ ಕಟ್ಟಬೇಡಿ. ಹೆದೆಗೆ ಸಿಕ್ಕಿಕೊಂಡರೆ ಬಾಣ ತಿರುಗಿ ಬರುತ್ತೆ. ಬಾಣದ ಮೇಲೆ ಜಾರುವ ಒಂದು ಚಿಕ್ಕ ಬಳೆ ಸಿಗುತ್ತೆ, ಅದಕ್ಕೆ ಕಟ್ಟಿದರೆ ದಾರ ಯಾವಾಗಲೂ ಹೆದೆಯ ಮುಂದೆಯೇ ಇರುತ್ತೆ. ಬೆಲೆ ಒಂದು ಊಟದಷ್ಟೂ ಇಲ್ಲ. ದಾರ ಹೆಣೆದದ್ದೇ ಇರಲಿ. ಗಾಳದ ಒಂಟಿ ಎಳೆ ನೈಲಾನ್ ಸ್ಪ್ರಿಂಗಿನ ಹಾಗೆ ಸುರುಳಿ ಕಟ್ಟುತ್ತೆ. ಬಾಣ ಎಂಟು ಮಿಲಿಮೀಟರಿನ ಗಟ್ಟಿ ಫೈಬರ್‌ಗ್ಲಾಸ್ ಕಡ್ಡಿ, ಗರಿ ಇಲ್ಲದ್ದು.

ಕನ್ನಡಕ ಮರೆಯಬೇಡಿ. ಪೋಲರಾಯ್ಡ್ ಇಲ್ಲದಿದ್ದರೆ ನೀರಿನ ಮೇಲಿನ ಹೊಳಪಷ್ಟೇ ಕಾಣೋದು. ಸಂತೇಲಿ ತಗೊಂಡದ್ದು ಬರೀ ಕಪ್ಪು ಗಾಜು. ಪರೀಕ್ಷೆ ಸುಲಭ: ಕನ್ನಡಕವನ್ನು ಕ್ಯಾಲ್ಕುಲೇಟರ್ ಪರದೆ ಮುಂದೆ ಹಿಡಿದು ನಿಧಾನಕ್ಕೆ ತಿರುಗಿಸಿ. ಒಂದು ಕಡೆ ಅಂಕಿ ಮಾಯವಾದರೆ ಅಸಲಿ.

ಗುರಿ ಮಾತ್ರ ಯಾವ ಅಂಗಡೀಲೂ ಸಿಗಲ್ಲ. ನೀರಲ್ಲಿ ಬೆಳಕು ಬಾಗೋದರಿಂದ ಮೀನು ಇರೋದಕ್ಕಿಂತ ಮೇಲೆ ಕಾಣುತ್ತೆ. ಹತ್ತಡಿ ದೂರ, ಒಂದಡಿ ಆಳಕ್ಕೆ ನಾಲ್ಕು ಇಂಚು ಕೆಳಗೆ ಹೊಡಿ ಅನ್ನೋದು ಒಂದು ಲೆಕ್ಕ. ದೂರ ಇಲ್ಲವೇ ಆಳ ಎರಡರಷ್ಟಾದರೆ ಅದೂ ಎರಡರಷ್ಟು. ಮೊದಲ ಇಪ್ಪತ್ತು ಬಾಣ ನಾನು ಮೀನಿನ ನೆತ್ತಿ ಮೇಲೇ ಹಾರಿಸಿದ್ದೆ. ನೀರಲ್ಲಿ ಮುಳುಗಿಸಿದ ಹಾಲಿನ ಪ್ಯಾಕೆಟ್ಟಿಗೆ ಹೊಡೆದು ಹೊಡೆದು ಕೈ ಕೂತಿತು.

ವಾಣಿವಿಲಾಸ ಸಾಗರದಲ್ಲಿ ಹೊಡೀಬಹುದಾ ಅಂತ ಕೇಳ್ತಾರೆ. 2022ರಲ್ಲಿ ಆ ಜಲಾಶಯ, ಅಂದರೆ ನಮ್ಮ ಮಾರಿಕಣಿವೆ, 89 ವರ್ಷದ ಮೇಲೆ ಕೋಡಿ ಬಿದ್ದಾಗಿನಿಂದ ಈ ಪ್ರಶ್ನೆ ಜಾಸ್ತಿ. ಬೇಡ. ಆ ನೀರಲ್ಲಿ ಮೀನು ಹಿಡಿದು ಹೊಟ್ಟೆ ಹೊರೆಯೋರು ಇದ್ದಾರೆ, ಅವರಿಗೆ ಮೀನುಗಾರಿಕೆ ಇಲಾಖೆಯ ಪರವಾನಗಿ ಇದೆ. ಊರ ಕೆರೆಗಳದ್ದೂ ಗುತ್ತಿಗೆ. ಬಿಲ್ಲಲ್ಲಿ ಹೊಡೆದ ಮೀನನ್ನು ವಾಪಸ್ ಬಿಡೋಕೂ ಆಗಲ್ಲ. ಸ್ವಂತ ಕಟ್ಟೆ ಇದ್ದರೆ ಸರಿ, ಇಲ್ಲವೇ ಮಾಲೀಕರನ್ನ ಕೇಳಿ.

ಅಂದಹಾಗೆ ಕೆಸರಿಗೆ ಹೋದ ಆ ಬಾಣ ಬೇಸಿಗೇಲಿ ಕಟ್ಟೆ ಬತ್ತಿದಾಗ ದೊಡ್ಡಪ್ಪನ ಎಮ್ಮೆ ಕಾಲ ಹತ್ತಿರ ಸಿಕ್ಕಿತು. ಮೊನೆ ತುಕ್ಕು ಹಿಡಿದಿತ್ತು. ಕಡ್ಡಿ ಮಾತ್ರ ನೆಟ್ಟಗೇ ಇತ್ತು, ಮೊನೆ ಬದಲಿಸಿ ಈಗ ಅದನ್ನೇ ಬಳಸ್ತಿದ್ದೀನಿ.