ಐದು ವರ್ಷ ಕಿವಿಗೆ ಹಾಕಿಕೊಂಡ ಮೇಲೆ: ಎಂಜಿನ್ ಸದ್ದು ಹುಡುಕುವ ಸ್ಟೆತಾಸ್ಕೋಪ್

ನನ್ನ ಪೆಟ್ರೋಲ್ ಕಾರಿಗೆ ಈಗ 18 ವರ್ಷ. ಅದಕ್ಕೆ 13 ತುಂಬಿದಾಗ ಈ ಮೆಕ್ಯಾನಿಕ್ ಸ್ಟೆತಾಸ್ಕೋಪ್ ಕೊಂಡೆ. ಡಾಕ್ಟರ ಕೊರಳಲ್ಲಿ ನೇತಾಡುತ್ತದಲ್ಲ, ಅದೇ. ಎದೆಗೆ ಒತ್ತುವ ಬಿಲ್ಲೆಯ ಜಾಗದಲ್ಲಿ ಪುಟ್ಟ ಲೋಹದ ಡಬ್ಬಿ, ಅದರ ಮೂತಿಗೆ ಉದ್ದನೆಯ ಕಡ್ಡಿ. ಕಡ್ಡಿಯ ತುದಿಯನ್ನು ಎಂಜಿನ್ನಿನ ಯಾವುದಾದರೂ ಭಾಗಕ್ಕೆ ಮುಟ್ಟಿಸಿದರೆ ಅಲ್ಲಿನ ಅದಿರಾಟ ಡಬ್ಬಿಯೊಳಗಿನ ತೆಳು ಪೊರೆಗೆ ತಾಗಿ ಕಿವಿಗೆ ಬರುತ್ತದೆ. ಬ್ಯಾಟರಿ ಇಲ್ಲ, ಸ್ಕ್ರೀನ್ ಇಲ್ಲ. ಸ್ಕ್ರೂಡ್ರೈವರ್ ಹಿಡಿಯನ್ನು ಕಿವಿಗೊತ್ತಿ ಕೇಳುವ ಹಳೇ ಮೆಕ್ಯಾನಿಕ್‌ಗಳ ಉಪಾಯವೇ, ಸ್ವಲ್ಪ ನಾಜೂಕಾಗಿದೆ ಅಷ್ಟೆ.

ಮೊದಲ ಕೆಲವು ತಿಂಗಳು ಇದರಿಂದ ಸಿಕ್ಕಿದ್ದು ಬರೀ ಗಾಬರಿ. ಎಲ್ಲಿ ಮುಟ್ಟಿಸಿದರೂ ಟಕ್ ಟಕ್, ಕರ ಕರ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಮೇಲಿಟ್ಟಾಗ ಕೇಳಿದ ಚಟಚಟ ಸದ್ದಿಗೆ, ವಾಲ್ವ್ ಒತ್ತುವ ಟ್ಯಾಪೆಟ್ ಸಡಿಲವಾಗಿದೆ ಎಂದುಕೊಂಡು ಒಂದು ರಾತ್ರಿ ನಿದ್ದೆಗೆಟ್ಟಿದ್ದೇನೆ. ಇಂಜೆಕ್ಟರ್ ಇರುವುದೇ ಹಾಗೆ. ಸಿಲಿಂಡರಿಗೊಂದರಂತೆ ಇರುವ ನಾಲ್ಕೂ ಒಂದೇ ಸಮ ಬಡಿದುಕೊಂಡರೆ ಚಿಂತೆಯಿಲ್ಲ, ಒಂದರ ಸದ್ದು ಮಂಕಾಗಿದ್ದರೆ ವಿಚಾರಿಸಬೇಕು. ಎಂಜಿನ್ ಚೆನ್ನಾಗಿದ್ದಾಗ ಹೇಗೆ ಸದ್ದು ಮಾಡುತ್ತದೆ ಅನ್ನುವುದೇ ಗೊತ್ತಿಲ್ಲದವನಿಗೆ ಕೆಟ್ಟ ಸದ್ದು ಹೇಗೆ ಗುರುತು ಸಿಗಬೇಕು? ಆಮೇಲೆ ಪ್ರತಿ ಸಲ ಆಯಿಲ್ ಬದಲಿಸಿದಾಗ ಎಂಟ್ಹತ್ತು ಜಾಗ ಮುಟ್ಟಿ ಕೇಳಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡೆ.

ಅದು ಕೈಹಿಡಿದದ್ದು ಮೂರನೇ ವರ್ಷ. ಐಡ್ಲಿಂಗ್‌ನಲ್ಲಿ (ಕಾರು ನಿಂತಲ್ಲೇ ಎಂಜಿನ್ ಓಡುವಾಗ) ಕೆಳಗಿನಿಂದ ಒಂದು ದಪ್ಪ ಗಡ್ ಗಡ್ ಸದ್ದು ಶುರುವಾಯಿತು. ತೋರಿಸಿದ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಅರ್ಧ ನಿಮಿಷ ಕೇಳಿ, "ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು" ಅಂದರು. ಪಿಸ್ಟನ್ನನ್ನು ಕ್ರ್ಯಾಂಕ್ ಎಂಬ ತಿರುಗುವ ದಂಡಕ್ಕೆ ಜೋಡಿಸುವ ತೋಳಿನ ಬೇರಿಂಗ್ ಅದು. ಹಾಗೆ ಅನಿಸುವುದರಲ್ಲಿ ತಪ್ಪಿಲ್ಲ, ಸದ್ದು ಹಾಗೇ ಇತ್ತು. ನಾನೂ ಮನೆಗೆ ಬಂದು ಕಡ್ಡಿಯನ್ನು ಮೊದಲು ಎಂಜಿನ್ ತಳದ ಆಯಿಲ್ ಚೇಂಬರಿಗೇ ಇಟ್ಟೆ. ಜೋರಾಗಿ ಕೇಳಿಸಿತು, ಎದೆ ಧಸಕ್ಕೆಂದಿತು. ಆದರೆ ಅದು ತೆಳು ತಗಡು, ತಮಟೆಯ ಹಾಗೆ; ಎಲ್ಲೋ ಬಡಿದದ್ದು ಅಲ್ಲಿ ದೊಡ್ಡದಾಗಿ ಕೇಳುತ್ತದೆ. ಎಂಜಿನ್ನಿನ ಮೈಯಾದ ಬ್ಲಾಕಿನ ದಪ್ಪ ಲೋಹದ ಮೇಲೆ ಹಿಂದಿನಿಂದ ಮುಂದಕ್ಕೆ ಒಂದೊಂದೇ ಜಾಗ ಸರಿಸುತ್ತ ಬಂದೆ. ಹಿಂದೆ ಕ್ಷೀಣ, ನಡುವೆ ಸುಮಾರು, ಬೆಲ್ಟ್ ಇರುವ ಮುಂಭಾಗದ ಕವರಿನ ಮೇಲೆ ಸ್ಪಷ್ಟ.

ಆಮೇಲೆ ಒಂದೊಂದಾಗಿ ಇಂಜೆಕ್ಟರ್ ಕನೆಕ್ಟರ್ ಬಿಚ್ಚಿ ಕೇಳಿದೆ. ರಾಡ್ ಬೇರಿಂಗ್ ಸವೆದಿದ್ದರೆ ಆ ಸಿಲಿಂಡರ್ ಸುಮ್ಮನಾದ ಕೂಡಲೇ ಬೇರಿಂಗಿನ ಮೇಲಿನ ಹೊಡೆತ ಇಳಿದು ಸದ್ದೂ ತಗ್ಗಬೇಕು. (ಪ್ಲಗ್ ವೈರ್ ಎಳೆಯುವುದಕ್ಕಿಂತ ಇದು ವಾಸಿ: ಕರೆಂಟ್ ಹೊಡೆಯುವ ಭಯವಿಲ್ಲ, ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಕೆಡಿಸುವುದಿಲ್ಲ.) ನಾಲ್ಕರಲ್ಲೂ ಎಂಜಿನ್ ಕುಂಟಿತೇ ಹೊರತು ಗಡ್ ಗಡ್ ಬದಲಾಗಲಿಲ್ಲ. ಆಯಿಲ್ ಪ್ರೆಶರ್ ಸ್ವಿಚ್ ಬಿಚ್ಚಿ ಅಲ್ಲಿಗೆ ಗೇಜ್ ಹಾಕಿದರೆ ಒತ್ತಡವೂ ಸರಿಯಾಗಿತ್ತು; ಬೇರಿಂಗ್ ಸವೆದಿದ್ದರೆ ಸಾಮಾನ್ಯವಾಗಿ ಅದು ಇಳಿದಿರುತ್ತದೆ.

ಉಳಿದದ್ದು ಕ್ರ್ಯಾಂಕಿನ ಮುಂತುದಿಯಲ್ಲಿ ಬೆಲ್ಟ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿ. ತಿರುಗುವ ವಸ್ತುವಿಗೆ ಕಡ್ಡಿ ಇಡಲಾಗದು, ಇಡಲೂಬಾರದು. ಈ ಪುಲ್ಲಿಯಲ್ಲಿ ಒಳಗೊಂದು ಹಬ್, ಹೊರಗೊಂದು ಉಂಗುರ, ಎರಡನ್ನೂ ಅಂಟಿಸಿ ಹಿಡಿದ ರಬ್ಬರ್. ಎಂಜಿನ್ ನಿಲ್ಲಿಸಿ ಹಬ್ಬಿನಿಂದ ಉಂಗುರದವರೆಗೆ ಬಿಳಿ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆದೆ. ಮರುದಿನ ಓಡಾಡಿಸಿಕೊಂಡು ಬಂದು ನೋಡಿದರೆ ಗೆರೆ ತುಂಡಾಗಿತ್ತು: ಒಳಗಿನ ಅರ್ಧ ಒಂದು ಕಡೆ, ಹೊರಗಿನ ಅರ್ಧ ಎರಡು ಬೆರಳು ಆಚೆ. ರಬ್ಬರ್ ಬಿಟ್ಟು ಉಂಗುರ ಜಾರುತ್ತಿತ್ತು. ಎಂಜಿನ್ ಇಳಿಸಿದ್ದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತಿತ್ತು. ಪುಲ್ಲಿ ಬದಲಾಯಿಸಿದೆ, ಸದ್ದು ಹೋಯಿತು.

ಗಮನಿಸಿ, ಇದರಲ್ಲಿ ಸ್ಟೆತಾಸ್ಕೋಪ್ ಉತ್ತರ ಹೇಳಲಿಲ್ಲ. ಎಲ್ಲಿ ಅಲ್ಲ ಅನ್ನುವುದನ್ನು ಮಾತ್ರ ಹೇಳಿತು. ಒಂದೇ ಜಾಗದಲ್ಲಿಟ್ಟು ತೀರ್ಪು ಕೊಡುವವರಿಗೆ ಇದು ಸುಳ್ಳನ್ನೇ ಹೇಳುತ್ತದೆ, ಏಕೆಂದರೆ ಲೋಹ ಸದ್ದನ್ನು ಎಲ್ಲೆಲ್ಲಿಗೋ ಒಯ್ಯುತ್ತದೆ. ತಾಳವನ್ನೂ ಕೇಳಬೇಕು. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. 800 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ ಸುಮಾರು 13 ಸುತ್ತು ಸುತ್ತಿದರೆ ಒಂದು ವಾಲ್ವ್ ಆರೇಳು ಸಲ ಬಡಿಯುತ್ತದೆ. ಎಣಿಸಲಾಗದಿದ್ದರೂ ಅವಸರದ್ದೋ ನಿಧಾನದ್ದೋ ಎಂದು ಕಿವಿಗೆ ತಿಳಿಯುತ್ತದೆ.

ಕೈಕೊಟ್ಟದ್ದೂ ಇದೆ. ತಣ್ಣಗಿದ್ದಾಗ ಟಿಕ್ ಟಿಕ್ ಅಂದು ಬಿಸಿಯಾದ ಮೇಲೆ ನಿಲ್ಲುವ ಒಂದು ಸದ್ದಿನ ಹಿಂದೆ ತಿಂಗಳುಗಟ್ಟಲೆ ಬಿದ್ದಿದ್ದೆ. ಟ್ಯಾಪೆಟ್ ಅಂದುಕೊಂಡೇ ಕಳೆದೆ. ಅದು ಎಂಜಿನ್ನಿನಿಂದ ಹೊಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೊಳವೆಯ ಗ್ಯಾಸ್ಕೆಟ್ಟಿನಿಂದ ಸೋರುತ್ತಿದ್ದ ಹೊಗೆ; ಲೋಹ ಕಾದು ಹಿಗ್ಗಿದಾಗ ಸಂದಿ ಮುಚ್ಚಿಕೊಳ್ಳುತ್ತಿತ್ತು. ಕಡ್ಡಿಗೆ ಲೋಹದ ಅದಿರಾಟ ಸಿಗುತ್ತದೆ, ಗಾಳಿಯ ಸೋರಿಕೆ ಸಿಗುವುದಿಲ್ಲ. ಡಬ್ಬಿಯನ್ನೇ ಕಳಚಿ ಬರೀ ರಬ್ಬರ್ ಕೊಳವೆಯ ಬಾಯನ್ನು ಹತ್ತಿರ ಹಿಡಿದರೆ ಪುಸ್ ಪುಸ್ ಎಂದು ಕೇಳುತ್ತದೆ. ಇನ್ನು ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬರುವ ಕಿಣಿಕಿಣಿ ಸದ್ದಿಗೆ ಇದು ನಿಷ್ಪ್ರಯೋಜಕ. ಅದು ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವ ಸದ್ದು. ಪೆಟ್ರೋಲಿನ ಆಕ್ಟೇನ್, ಇಗ್ನಿಷನ್ ಟೈಮಿಂಗ್, ಒಳಗೆ ಕಟ್ಟಿದ ಕಾರ್ಬನ್ ನೋಡಬೇಕು.

ಬಾಳಿಕೆ ಪರವಾಗಿಲ್ಲ. ಕಿವಿಯ ರಬ್ಬರ್ ಗಟ್ಟಿಯಾಗಿ ಈಗ ಚುಚ್ಚುತ್ತದೆ. ಕೊಳವೆ ಒಂದು ಕಡೆ ಮ್ಯಾನಿಫೋಲ್ಡಿಗೆ ತಾಗಿ ಕರಗಿದೆ, ತಪ್ಪು ನನ್ನದೇ. ಕಡ್ಡಿಯ ತಿರುಪು ಆಗಾಗ ಸಡಿಲವಾಗಿ ತಾನೇ ಜಿರ್ರ್ ಅನ್ನುತ್ತದೆ. ಒಮ್ಮೆ ಅದನ್ನು ಟೈಮಿಂಗ್ ಚೈನ್ ಸದ್ದೆಂದು ನಂಬಿ ಕವರ್ ಬಿಚ್ಚಲು ಹೊರಟಿದ್ದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲೆ ಮೆಲ್ಲಗೆ ಮುಟ್ಟಿಸಿ, ಕಿವಿ ಕಿತ್ತು ಬರುವಷ್ಟು ಜೋರಿರುತ್ತದೆ. ಸಡಿಲ ತೋಳಿನ ಅಂಗಿ ಬೇಡ. ಬಿಸಿ ಎಂಜಿನ್ನಿನ ಫ್ಯಾನ್ ಕೀ ತೆಗೆದ ಮೇಲೂ ತಿರುಗಬಹುದು.

ಈಗ ಚಳಿಯ ಬೆಳಿಗ್ಗೆಗಳಲ್ಲಿ ಬ್ಲಾಕಿನ ಪಕ್ಕದಲ್ಲಿ ಒಂದು ಪೊಳ್ಳು ಟೊಕ್ ಟೊಕ್ ಕೇಳುತ್ತದೆ, ಎರಡು ಮೂರು ನಿಮಿಷದಲ್ಲಿ ಮಾಯ. ಸವೆದ ಪಿಸ್ಟನ್ ಕಾದು ಹಿಗ್ಗುವ ತನಕ ಸಿಲಿಂಡರ್ ಗೋಡೆಗೆ ತಟ್ಟುತ್ತಿದೆ ಎಂದೇ ನನ್ನ ಲೆಕ್ಕ. ಕಳೆದ ವರ್ಷವೂ ಅಷ್ಟೇ ಇತ್ತು, ಈ ವರ್ಷವೂ ಅಷ್ಟೇ ಇದೆ. ಕೇಳಿ, ಬಾನೆಟ್ ಮುಚ್ಚಿ, ಹೊರಡುತ್ತೇನೆ.