ಸಮ್ ಅಥವಾ ಖುರಿ? ಜೈಸಲ್ಮೇರ್ ಮರಳಲ್ಲಿ ಒಂದು ಸಂಜೆ ಕಳೆಯುವವರಿಗೆ

ರಾಜಸ್ಥಾನದ ಜೈಸಲ್ಮೇರ್ ಹತ್ತಿರ ಮರಳಿನ ದಿಬ್ಬ ನೋಡಲು ಜನ ಹೋಗುವ ಎರಡು ಹಳ್ಳಿಗಳು ಸಮ್ ಮತ್ತು ಖುರಿ. ಜೈಸಲ್ಮೇರ್‌ಗೆ ಹೊರಟವರು ಫೋನ್ ಮಾಡಿ ಕೇಳೋದು ಸಾಮಾನ್ಯವಾಗಿ ಒಂದೇ ಪ್ರಶ್ನೆ. ಒಂಟೆ ಸವಾರಿ, ಸೂರ್ಯಾಸ್ತ, ಹಾಡು, ಕುಣಿತ, ಊಟ ಎಲ್ಲ ಸೇರಿದ ಆ ಸಂಜೆಗೆ ಸಮ್‌ಗೆ ಹೋಗೋದಾ, ಖುರಿಗೆ ಹೋಗೋದಾ? ನಾನು ಎರಡೂ ಕಡೆ ಹೋಗಿದ್ದೇನೆ. ಸಮ್‌ಗೆ ಅಪ್ಪ, ಅವ್ವ, ಅಕ್ಕನ ಮಕ್ಕಳು ಎಲ್ಲರ ಜೊತೆ. ಖುರಿಗೆ ಹೆಂಡತಿಯ ಜೊತೆ. ನನಗೆ ಇಷ್ಟವಾಗಿದ್ದು ಖುರಿ. ಆದರೂ ಕೇಳಿದವರಲ್ಲಿ ಅರ್ಧ ಜನರಿಗೆ ಸಮ್‌ಗೇ ಹೋಗಿ ಅಂತ ಹೇಳುತ್ತೇನೆ. ಯಾಕೆ ಅಂತ ವಿವರವಾಗಿ ಬರೆಯುತ್ತೇನೆ.

ದೂರದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಸಮ್ ಜೈಸಲ್ಮೇರ್ ಊರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ಖುರಿ ನೈಋತ್ಯಕ್ಕೆ, 50 ಕಿ.ಮೀ. ಒಳಗೆ. ಕಾರಲ್ಲಿ ಎರಡೂ ಕಡೆಗೆ ಹೆಚ್ಚುಕಮ್ಮಿ ಒಂದು ಗಂಟೆ. ಸಮ್ ದಾರಿಯಲ್ಲಿ ಹೋದರೆ ಕುಲಧರಾ ನೋಡಬಹುದು. ಪಾಲಿವಾಲ ಬ್ರಾಹ್ಮಣರು ಬಿಟ್ಟುಹೋದ ಪಾಳು ಊರು ಅದು. ಗೈಡುಗಳು ಅಲ್ಲಿ ದೆವ್ವದ ಕಥೆ ಹೇಳುತ್ತಾರೆ. ನನಗೆ ಕಥೆಗಿಂತ ಆ ಬೀದಿಗಳೇ ಚೆನ್ನಾಗಿ ಕಂಡವು. ಖುರಿ ದಾರಿಯಲ್ಲಿ ನಿಲ್ಲಿಸಿ ನೋಡುವಂಥದ್ದು ನಮಗೆ ಏನೂ ಸಿಗಲಿಲ್ಲ. ಕುರಿ, ಎಕ್ಕದ ಗಿಡ, ನೇರ ರಸ್ತೆ ಅಷ್ಟೇ.

ಸಮ್ ಅಂದರೆ ಜಾತ್ರೆ. ರಸ್ತೆಯ ಪಕ್ಕದಲ್ಲೇ ಸಾಲು ಸಾಲು ಟೆಂಟ್ ಕ್ಯಾಂಪ್‌ಗಳು, ಒಂದೊಂದಕ್ಕೂ ಒಂದು ಕಮಾನು, ಕಮಾನಿನ ಮುಂದೆ ಹಣೆಗೆ ಕುಂಕುಮ ಹಚ್ಚಿ ಡೋಲು ಬಾರಿಸಿ ಸ್ವಾಗತ. ಟೀ, ಪಕೋಡ ಆದಮೇಲೆ ಸವಾರಿ. ಇಲ್ಲೇ ಗಮನ ಇಡಬೇಕು. ನಾವು ಮಾಡಿಕೊಂಡ ಪ್ಯಾಕೇಜ್‌ನಲ್ಲಿ 'ಒಂಟೆ ಸವಾರಿ ಸೇರಿದೆ' ಅಂತಿತ್ತು. ಸೇರಿತ್ತು, ನಿಜ. ರಸ್ತೆಯಿಂದ ದಿಬ್ಬದ ಅಂಚಿನವರೆಗೆ. ಅಲ್ಲಿ ಒಂಟೆ ನಿಲ್ಲಿಸಿ, "ಸನ್‌ಸೆಟ್ ಪಾಯಿಂಟ್ ಇನ್ನೂ ಮುಂದೆ ಇದೆ ಸಾರ್, ಅದಕ್ಕೆ ಬೇರೆ ಕೊಡಬೇಕು" ಅಂದರು. ಒಂಟೆ ನಡೆಸುವವನದ್ದು ಇದರಲ್ಲಿ ತಪ್ಪೇನಿಲ್ಲ. ಪ್ಯಾಕೇಜ್ ದುಡ್ಡಲ್ಲಿ ಅವನ ಕೈಗೆ ಎಷ್ಟು ಬರುತ್ತೆ ಅನ್ನೋದು ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಮಾತಾಡಿ, ಒಪ್ಪಿ, ಮುಂದೆ ಹೋದೆವು.

ಒಂಟೆ ಏಳುವ ಕ್ಷಣ ಮಾತ್ರ ಎಲ್ಲಿ ಹತ್ತಿದರೂ ಒಂದೇ. ಮಂಡಿಯೂರಿ ಕೂತ ಒಂಟೆ ಮೊದಲು ಹಿಂಗಾಲು ಎತ್ತುತ್ತದೆ. ಮೇಲೆ ಕೂತವರು ಧಡಕ್ಕನೆ ಮುಂದಕ್ಕೆ ವಾಲುತ್ತಾರೆ. ಎದುರಿಗೆ ಒಂಟೆಯ ಕುತ್ತಿಗೆ, ಅದರ ಕೆಳಗೆ ನೆಲ. ಆಮೇಲೆ ಮುಂಗಾಲು ಎತ್ತಿದಾಗ ಹಿಂದಕ್ಕೆ ಎಳೆದಂತಾಗುತ್ತದೆ. ಕೂರುವಾಗ ಮುಂಗಾಲು ಮೊದಲು ಮಡಿಸುತ್ತದೆ, ಹಾಗಾಗಿ ಮತ್ತೆ ಮುಂದಕ್ಕೇ ವಾಲುವುದು. ಎರಡೂ ಸಲ ಬೆನ್ನು ಹಿಂದಕ್ಕೆ ಚಾಚಿ, ಜೀನಿನ ಮುಂದಿನ ಮರದ ಗೂಟ ಬಿಗಿಯಾಗಿ ಹಿಡಿದುಕೊಂಡರೆ ಸಾಕು. ಅವ್ವ ಹತ್ತಿದ್ದಳು. ಒಂಟೆ ಅರ್ಧ ಎದ್ದಿತ್ತು, ಅಷ್ಟರಲ್ಲೇ "ಸಾಕಪ್ಪೋ, ಇಳಸ್ರೀ ನನ್ನ" ಅಂತ ಕೂಗಿಬಿಟ್ಟಳು. ಆಗ ಸಮ್‌ನ ದೊಡ್ಡ ಗುಣ ಗೊತ್ತಾಯಿತು. ಅಲ್ಲಿ ಒಂಟೆ ಗಾಡಿ ಸಿಗುತ್ತದೆ. ರಬ್ಬರ್ ಟೈರಿನ ಗಾಡಿ, ಮೇಲೆ ಹಾಸಿಗೆ, ದಿಂಬು. ಅಪ್ಪ, ಅವ್ವ ಇಬ್ಬರೂ ಕಾಲು ಚಾಚಿ ಕೂತು ದಿಬ್ಬದ ಬುಡದವರೆಗೆ ಆರಾಮಾಗಿ ಬಂದರು. ಮಂಡಿ ನೋವಿನವರು ಮನೆಯಲ್ಲಿದ್ದರೆ ಈ ಒಂದು ಕಾರಣಕ್ಕೇ ಸಮ್ ಆರಿಸಬಹುದು.

ದಿಬ್ಬದ ಮೇಲೆ ಜನ, ಜೀಪು, ಕುರುಕಲು ತಿಂಡಿ ಮಾರುವವರು, ಹಾರ್ಮೋನಿಯಂ ಹಿಡಿದು "ಒಂದು ಹಾಡು ಹೇಳಲಾ?" ಅಂತ ಬರುವ ಹುಡುಗರು. ಡಿಸೆಂಬರ್‌ನಲ್ಲಿ ಅಲ್ಲಿ ಆರು ಗಂಟೆಯ ಹೊತ್ತಿಗೆ ಸೂರ್ಯ ಮುಳುಗುತ್ತದೆ. ಆ ಹೊತ್ತಿಗೆ ನಾಲ್ಕು ಕಡೆಯಿಂದ ಜೀಪುಗಳು ದಿಬ್ಬ ಹತ್ತಿ ಇಳಿಯುತ್ತಿರುತ್ತವೆ. ಮಕ್ಕಳಿಗೆ ಜೀಪೇ ಹುಚ್ಚು. ಸೂರ್ಯನನ್ನು ಅವರು ನೋಡಿದರೋ ಇಲ್ಲವೋ, ಜೀಪು ಓಲಾಡಿದ್ದನ್ನು ಮಾತ್ರ ಇವತ್ತಿಗೂ ಹೇಳುತ್ತಾರೆ. ಮರಳಿನ ದಿಬ್ಬಗಳು ಸಮ್‌ನಲ್ಲಿ ದೊಡ್ಡವು, ಅದನ್ನು ಒಪ್ಪಬೇಕು. ಬೋಳು ಮರಳು, ಗಿಡಗಂಟಿ ಕಡಿಮೆ, ಫೋಟೋಗೆ ಚೆನ್ನ. ಖುರಿಯದ್ದು ಸಣ್ಣ ಹರವು, ಅಲ್ಲಲ್ಲಿ ಪೊದೆಗಳು.

ಖುರಿಯ ವಿಷಯಕ್ಕೆ ಬಂದರೆ, ಜೈಸಲ್ಮೇರ್ ಕೋಟೆಯ ಕೆಳಗೆ ಕೂತ ಏಜೆಂಟ್ ಒಬ್ಬ "ಅಲ್ಲಿ ಏನೂ ಇಲ್ಲ ಸಾರ್, ಬೇಜಾರಾಗುತ್ತೆ" ಅಂದಿದ್ದ. ಏನೂ ಇಲ್ಲ ಅಂದಿದ್ದಕ್ಕೇ ನಮಗೆ ಹೋಗುವ ಮನಸ್ಸು ಜಾಸ್ತಿಯಾಯಿತು. ಖುರಿ ಒಂದು ಹಳ್ಳಿ. ಮಣ್ಣು, ಸಗಣಿ ಸಾರಿಸಿದ ಗೋಡೆಗಳು, ಗುಂಡಗಿನ ಗುಡಿಸಲುಗಳು, ಗೋಡೆಯ ಮೇಲೆ ಬಿಳಿ ಬಣ್ಣದ ಚಿತ್ತಾರ. ಊರಿನವರೇ ನಡೆಸುವ ಗೆಸ್ಟ್‌ಹೌಸ್‌ಗಳಿವೆ. ಸ್ವಾಗತ ಅಂದರೆ ಮಂಚ ಎಳೆದು ಹಾಕಿ ಟೀ ಕೊಡೋದು. "ಆವೋ ಸಾ, ಬೈಠೋ" ಅಷ್ಟೇ.

ಸವಾರಿ ಮಾತ್ರ ಸವಾರಿ. ನಾಲ್ಕು ಗಂಟೆಯ ಹೊತ್ತಿಗೆ ಗೆಸ್ಟ್‌ಹೌಸ್ ಅಂಗಳದಿಂದಲೇ ಹೊರಟೆವು. ಹಳ್ಳಿಯ ಕೊನೆ ಮನೆ, ನೀರಿನ ತೊಟ್ಟಿ ದಾಟಿದ ಮೇಲೆ ಒಂದು ಗಂಟೆಗೂ ಜಾಸ್ತಿ ಹೊತ್ತು ಯಾರೂ ಎದುರಾಗಲಿಲ್ಲ. ಒಂಟೆಯ ಹೆಸರು ರಾಜು. ಹೆಂಡತಿ ಕೂತ ಒಂಟೆಯ ಹೆಸರೂ ರಾಜು. ಮಧ್ಯೆ ಮಧ್ಯೆ ನಿಂತು ಮುಳ್ಳಿನ ಟೊಂಗೆಗೆ ಬಾಯಿ ಹಾಕುತ್ತಿತ್ತು. ನಡೆಸುವ ಹುಡುಗ ಬೈಯುತ್ತಲೂ ಇರಲಿಲ್ಲ, ಎಳೆಯುತ್ತಲೂ ಇರಲಿಲ್ಲ, ತಿಂದು ಮುಗಿಸುವವರೆಗೆ ನಿಲ್ಲುತ್ತಿದ್ದ. ಅಲ್ಲಿನ ಜೀನಿಗೆ ಕಾಲಿಡಲು ರಿಕಾಪು ಇರಲಿಲ್ಲ. ಕಾಲು ಸುಮ್ನೆ ಜೋತು ಬೀಳುತ್ತದೆ. ತೊಡೆಯ ಒಳಭಾಗ ಮರುದಿನ ಬೆಳಗ್ಗೆ ನೋಯುತ್ತದೆ, ಇದನ್ನು ಯಾರೂ ಮೊದಲೇ ಹೇಳಲ್ಲ. ಜೀನ್ಸ್ ಬೇಡ, ಸಡಿಲ ಪ್ಯಾಂಟ್ ಹಾಕಿ.

ಹತ್ತುವ ಮುಂಚೆ ಒಂಟೆಯನ್ನೊಮ್ಮೆ ನೋಡಿ. ಜೀನಿನ ಅಂಚಿನಲ್ಲಿ ಗಾಯ ಇದೆಯಾ, ಮೂಗಿನ ಗೂಟದ ಹತ್ತಿರ ರಕ್ತ ಅಥವಾ ಕೀವು ಇದೆಯಾ ಅಂತ. ಇದ್ದರೆ ಬೇರೆ ಒಂಟೆ ಕೇಳಿ. ಸಮ್‌ನಲ್ಲಿ ಹಾಗೆ ಕೇಳಿದೆವು, ಬದಲಾಯಿಸಿ ಕೊಟ್ಟರು. ರಾಜಸ್ಥಾನ 2014ರಲ್ಲಿ ಒಂಟೆಯನ್ನು ರಾಜ್ಯದ ಪ್ರಾಣಿ ಅಂತ ಘೋಷಿಸಿತು. ಆದರೆ ಜಾನುವಾರು ಗಣತಿ ನೋಡಿದರೆ ದೇಶದಲ್ಲಿ 2012ರಲ್ಲಿ ನಾಲ್ಕು ಲಕ್ಷ ಇದ್ದ ಒಂಟೆಗಳು 2019ಕ್ಕೆ ಎರಡೂವರೆ ಲಕ್ಷಕ್ಕೆ ಇಳಿದಿವೆ. ಉಳುಮೆಗೆ ಟ್ರ್ಯಾಕ್ಟರ್, ಸಾಗಣೆಗೆ ಪಿಕಪ್ ಬಂದಮೇಲೆ ಒಂಟೆ ಸಾಕಿ ಬದುಕೋದು ಕಷ್ಟ. ಸವಾರಿ ಮಾಡಿಸೋದು ಸಾಕುವವರಿಗೆ ಉಳಿದ ಕೆಲವೇ ದಾರಿಗಳಲ್ಲಿ ಒಂದು. ಅದಕ್ಕೇ ಟಿಪ್ಸ್ ಕೊಡೋದಾದರೆ ಕ್ಯಾಂಪ್ ಕೌಂಟರ್‌ನಲ್ಲಿ ಬೇಡ, ನಡೆಸಿದವರ ಕೈಗೇ ಕೊಡಿ.

ಖುರಿಯ ದಿಬ್ಬದಲ್ಲಿ ನಾವು ಕೂತಾಗ ಪಕ್ಕದಲ್ಲಿ ಸಗಣಿ ಹುಳು ಒಂದು ಮರಳಿನ ಏರಿನಲ್ಲಿ ಹತ್ತುತ್ತಿತ್ತು. ಹೆಜ್ಜೆಗಳು ಹೊಲಿಗೆ ಹಾಕಿದಷ್ಟು ನೀಟಾಗಿ ಹಿಂದೆ ಉಳಿಯುತ್ತಿದ್ದವು. ಸ್ವಲ್ಪ ಜಾರುತ್ತಿತ್ತು, ಮತ್ತೆ ಹತ್ತುತ್ತಿತ್ತು. ಗಾಳಿ ಬೀಸಿದಾಗ ಮರಳಿನ ಮೇಲ್ಪದರ ಒಂದು ಗೇಣು ಎತ್ತರದಲ್ಲಿ ಹರಿದುಹೋಗುತ್ತಿತ್ತು. ಸಮ್‌ನಲ್ಲಿ ಇಂಥದ್ದೆಲ್ಲ ನೋಡಲು ಪುರುಸೊತ್ತು ಸಿಗಲಿಲ್ಲ. ಅಲ್ಲಿ ನೆಲದ ತುಂಬ ಚಪ್ಪಲಿ ಗುರುತು, ಚಿಪ್ಸ್ ಪೊಟ್ಟಣ.

ಈಗ ಹಾಡು, ಕುಣಿತ. ಇದರಲ್ಲಿ ಸಮ್ ಗೆದ್ದಿತು, ಅರ್ಧ ಸಂಜೆಯವರೆಗೆ. ನಡುವೆ ಬೆಂಕಿ, ಸುತ್ತ ದಿಂಬು, ಎದುರಿಗೆ ವೇದಿಕೆ. ಕಪ್ಪು ಘಾಗ್ರಾ ತೊಟ್ಟ ಕಾಲಬೇಲಿಯಾ ಸಮುದಾಯದ ಹೆಂಗಸರು ಸುತ್ತುವಾಗ ಬಟ್ಟೆಯ ಕನ್ನಡಿ ಚೂರುಗಳಲ್ಲಿ ಬೆಂಕಿ ಮಿನುಗುತ್ತಿತ್ತು. ಅವರ ಈ ನೃತ್ಯ 2010ರಿಂದ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿದೆ. ಆಮೇಲೆ ತಲೆ ಮೇಲೆ ಮಡಕೆ ಮೇಲೆ ಮಡಕೆ ಇಟ್ಟು ಕುಣಿಯುವ ಭವಾಯಿ. ಅವ್ವ ಮಡಕೆ ಎಣಿಸುತ್ತಾ ಕೂತಳು. ಅಲ್ಲಿಯವರೆಗೆ ಎಲ್ಲ ಸರಿ. ಎಂಟೂವರೆ ಆಗುತ್ತಿದ್ದಂತೆ ಡಿಜೆ ಶುರು. ಬೆಂಗಳೂರಿನ ಮದುವೆ ಹಾಲ್‌ನಲ್ಲಿ ಕೇಳುವ ಅದೇ ಹಾಡುಗಳು, ಬಣ್ಣಬಣ್ಣದ ಲೇಸರ್ ಲೈಟು. ಪಕ್ಕದ ಕ್ಯಾಂಪ್‌ನದ್ದೂ ಕೇಳುತ್ತದೆ, ಅದರ ಪಕ್ಕದ್ದೂ ಕೇಳುತ್ತದೆ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯನ್ನು ಉಳಿಸಲು 2019ರಲ್ಲಿ ಶುರುವಾದ ಸಂತಾನವೃದ್ಧಿ ಕೇಂದ್ರ ಇರುವುದೂ ಇದೇ ಸಮ್‌ನಲ್ಲಿ. ನಮ್ಮ ಬಳ್ಳಾರಿಯ ಸಿರಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿದೆಯಲ್ಲ, ಅದೇ ಹಕ್ಕಿ. ಒಂದೇ ಊರಿನ ಹೆಸರಲ್ಲಿ ಆ ಕೇಂದ್ರವೂ ಈ ಡಿಜೆಯೂ ಹೇಗೆ ಹೊಂದಿಕೊಂಡಿವೆಯೋ!

ಖುರಿಯಲ್ಲಿ ನಮಗೆ ಸಿಕ್ಕಿದ್ದು ಇಬ್ಬರು ಮಾಂಗಣಿಯಾರ್ ಹಾಡುಗಾರರು. ಮೈಕ್ ಇಲ್ಲ. ಒಬ್ಬರ ಕೈಯಲ್ಲಿ ಢೋಲಕ್, ಇನ್ನೊಬ್ಬರ ಕೈಯಲ್ಲಿ ಖರ್ತಾಲ್. ಖರ್ತಾಲ್ ಅಂದರೆ ಬರೀ ಮರದ ಪಟ್ಟಿಗಳು, ಕೈಗೆರಡು. ಗೆಜ್ಜೆ ಗಿಜ್ಜೆ ಏನೂ ಇಲ್ಲ. ಬೆರಳು ಕಾಣದಷ್ಟು ವೇಗವಾಗಿ ಬಡಿಯುತ್ತಿದ್ದರು. ಮಾಂಗಣಿಯಾರರು ಮುಸ್ಲಿಮರು, ತಲೆಮಾರುಗಳಿಂದ ರಜಪೂತರ ಮನೆಯ ಹುಟ್ಟು, ಮದುವೆಗಳಿಗೆ ಹಾಡುತ್ತಾ ಬಂದವರು. ನಡುವೆ ನಿಲ್ಲಿಸಿ, ಇದು ಮಗು ಹುಟ್ಟಿದಾಗ ಹಾಡೋದು, ಇದು ಮಳೆಗೆ ಅಂತ ಹೇಳುತ್ತಿದ್ದರು. ಆದರೆ ಇದು ನಮ್ಮ ಅದೃಷ್ಟ. ಬೇಕು ಅಂತ ಮೊದಲೇ ಹೇಳಿಡಬೇಕು, ಅವರಿಗೆ ಅವತ್ತು ಬೇರೆ ಮನೆಯಲ್ಲಿ ಹಾಡುವುದಿದ್ದರೆ ಸಿಗುವುದಿಲ್ಲ. ಹಾಡು ಬೇಕೇ ಬೇಕು ಅನ್ನುವವರು ಇದನ್ನೇ ನಂಬಿಕೊಂಡು ಖುರಿಗೆ ಹೋಗಬೇಡಿ.

ಊಟದಲ್ಲಿ ಮಾತೇ ಇಲ್ಲ, ಖುರಿ. ಸಮ್‌ನದ್ದು ಬುಫೆ. ಪನೀರ್, ದಾಲ್, ಪುಲಾವ್, ಗುಲಾಬ್ ಜಾಮೂನ್. ಮೂಲೆಯಲ್ಲಿ ದಾಲ್ ಬಾಟಿ (ಬಾಟಿ ಅಂದರೆ ಸುಟ್ಟ ಗೋಧಿ ಹಿಟ್ಟಿನ ಉಂಡೆ), ಚೂರ್ಮಾ. ಕೆಟ್ಟದ್ದಲ್ಲ, ಮಕ್ಕಳಿಗೆ ಬೇಕಾದ್ದೆಲ್ಲ ಸಿಕ್ಕಿತು. ಆದರೆ ತೆರೆದ ಜಾಗ, ಚಳಿ. ಡಿಜೆ ಮುಗಿಸಿ ತಟ್ಟೆ ಹಿಡಿದು ನಿಲ್ಲುವಷ್ಟರಲ್ಲಿ ಬಾಟಿ ಕಲ್ಲಾಗಿತ್ತು. ಬಾಟಿಯನ್ನು ಬಿಸಿಯಲ್ಲೇ ಮುರಿದು ತುಪ್ಪದಲ್ಲಿ ಅದ್ದಬೇಕು, ಆರಿದ ಮೇಲೆ ಅದರ ಗಮ್ಮತ್ತು ಇಲ್ಲ.

ಖುರಿಯಲ್ಲಿ ಆ ಮನೆಯವರೇ ಮಾಡಿದ ಅಡುಗೆ, ಒಲೆ ಎದುರಿಗೇ ಕೂತು ಊಟ. ಬಾಗಲಕೋಟೆ ಕಡೆಯವನಾದ ನನಗೆ ಸಜ್ಜೆ ರೊಟ್ಟಿ ಹೊಸದಲ್ಲ. ನಮ್ಮದು ತೆಳ್ಳಗೆ ಬಡಿದು, ಎಳ್ಳು ಹಚ್ಚಿ, ಬೇಕಾದರೆ ಒಣಗಿಸಿ ವಾರಗಟ್ಟಲೆ ಇಡುವಂಥದ್ದು. ಅವರದ್ದು ಅಂಗೈಯಲ್ಲೇ ತಟ್ಟಿದ ದಪ್ಪ ರೊಟ್ಟಿ. ಹಂಚಿನಿಂದ ತೆಗೆದು ಕೆಂಡದ ಪಕ್ಕ ನಿಲ್ಲಿಸಿ ಸುಡುತ್ತಾರೆ, ಮೇಲ್ಮೈಯನ್ನು ಬೆರಳಿಂದ ಚಿವುಟಿ ಗುಳಿ ಮಾಡಿ ತುಪ್ಪ ಸುರಿಯುತ್ತಾರೆ. ಪಕ್ಕದಲ್ಲಿ ಬೆಲ್ಲ, ಕೆಂಪು ಬೆಳ್ಳುಳ್ಳಿ ಚಟ್ನಿ, ಕೇರ್ ಸಾಂಗ್ರಿ ಪಲ್ಯ. ಕೇರ್ ಮುಳ್ಳುಗಿಡದ ಸಣ್ಣ ಕಾಯಿ. ಸಾಂಗ್ರಿ ಖೇಜ್ಡಿ ಮರದ ಎಳೆ ಕೋಡು, ಒಣಗಿಸಿ ಇಟ್ಟಿದ್ದು. ಖೇಜ್ಡಿ ಬೇರೆ ಯಾವುದೂ ಅಲ್ಲ, ನಮ್ಮ ದಸರೆಯ ಬನ್ನಿ ಮರ. ಹುಳಿ, ಎಣ್ಣೆ, ಖಾರ ಹದವಾಗಿದ್ದ ಆ ಪಲ್ಯವನ್ನು ಮೂರು ಸಲ ಹಾಕಿಸಿಕೊಂಡೆ. ಬೇರೇನೂ ಆಯ್ಕೆ ಇರಲಿಲ್ಲ ಅನ್ನೋದನ್ನೂ ಹೇಳಬೇಕು. ಅನ್ನ ಕೇಳಿದ್ದಕ್ಕೆ ನಕ್ಕರು. ಮಕ್ಕಳು ಇದ್ದಿದ್ದರೆ ಹಸಿದು ಮಲಗುತ್ತಿದ್ದರೇನೋ.

ದುಬೈ ನೋಡಿ ಬಂದವರು ಇದನ್ನೆಲ್ಲ ಕೇಳಿ "ಅದೇ ತಾನೇ?" ಅನ್ನುತ್ತಾರೆ. ಅಲ್ಲಿರುವ ನೆಂಟರ ಜೊತೆ ಲಹಬಾಬ್‌ನ ಕೆಂಪು ದಿಬ್ಬಗಳಿಗೂ ಹೋಗಿದ್ದೆ. ಅಲ್ಲಿ ಕಾರೇ ಹೀರೋ. ಟೈರಿನ ಗಾಳಿ ಇಳಿಸಿ ಲ್ಯಾಂಡ್ ಕ್ರೂಸರ್ ಅನ್ನು ದಿಬ್ಬದ ಮೇಲಿಂದ ಕೆಡವುತ್ತಾರೆ, ಮಧ್ಯಾಹ್ನ ಹೊಟ್ಟೆ ತುಂಬ ತಿಂದಿದ್ದರೆ ನಿಮ್ಮ ಕಥೆ ಮುಗಿಯಿತು. ಖರ್ಜೂರ, ಗಹ್ವಾ ಅನ್ನುವ ಅರಬ್ ಕಾಫಿ, ತನೂರಾ ಕುಣಿತ, ಬಾರ್ಬೆಕ್ಯೂ ಎಲ್ಲ ಗಡಿಯಾರ ಇಟ್ಟಂತೆ ನಡೆಯುತ್ತದೆ. ಆದರೆ ನಮ್ಮ ಪಾಲಿನ ಒಂಟೆ ಸವಾರಿ ಕ್ಯಾಂಪ್ ಪಕ್ಕ ಒಂದು ಸುತ್ತು, ಅಷ್ಟೇ. ಅಂದಹಾಗೆ, ಅಲ್ಲಿನ ಮರಳಿನಲ್ಲೂ ಅದೇ ಬನ್ನಿ ಮರ, ಗಾಫ್ ಅಂತಾರೆ, ಯುಎಇಯ ರಾಷ್ಟ್ರೀಯ ಮರ. ದುಬೈ ಇಷ್ಟಪಟ್ಟವರಿಗೆ ಸಮ್ ಇಷ್ಟವಾಗುತ್ತದೆ, ಖುರಿ ಬೋರ್ ಹೊಡೆಸಬಹುದು.

ರಾತ್ರಿ ಉಳಿಯೋದಾದರೆ ಲೆಕ್ಕ ಬೇರೆ. ಸಮ್‌ನ ಟೆಂಟಿನಲ್ಲಿ ಮಂಚ, ಕಮೋಡ್, ಗೀಸರ್ ಎಲ್ಲ ಇತ್ತು. ಖುರಿಯಲ್ಲಿ ಗುಡಿಸಲು, ಬಕೆಟ್‌ನಲ್ಲಿ ಬಿಸಿನೀರು, ಬಾತ್‌ರೂಮ್ ಅಂಗಳದ ಆ ಕಡೆ. ಕತ್ತಲೆಯಲ್ಲಿ ಟಾರ್ಚ್ ಹಿಡಿದು ಹೋಗಬೇಕು. ಆದರೆ ಆ ಕತ್ತಲೆಗೇ ನಾವು ಅಷ್ಟು ದೂರ ಹೋಗಿದ್ದು. ಅಮಾವಾಸ್ಯೆಯ ಹತ್ತಿರದ ದಿನ ನೋಡಿಕೊಂಡು ಹೋಗಿದ್ದರಿಂದ ಆಕಾಶಗಂಗೆ ಬರಿಗಣ್ಣಿಗೆ ಕಂಡಿತು. ಹುಣ್ಣಿಮೆಗೆ ಹೋದರೆ ಮರಳು ಹೊಳೆಯುತ್ತದೆ, ನಕ್ಷತ್ರ ಕಾಣಲ್ಲ. ಎರಡರಲ್ಲಿ ಒಂದು. ಚಳಿಯ ವಿಷಯದಲ್ಲಿ ಬೆಂಗಳೂರಿನ ಸ್ವೆಟರ್ ಸಾಲದು. ಮರಳು ಸಂಜೆ ಬೇಗ ತಣ್ಣಗಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಟೋಪಿ, ಕಾಲುಚೀಲ, ದಪ್ಪ ಜಾಕೆಟ್ ಬೇಕೇ ಬೇಕು.

ಖರ್ಚು ಸೀಸನ್ ನೋಡಿ ಏರಿಳಿಯುತ್ತದೆ. ನಮಗೆ ತಲೆಗೆ ಖುರಿಯೇ ಕಡಿಮೆಗೆ ಬಂತು, ಆದರೆ ಟ್ಯಾಕ್ಸಿ ಇಬ್ಬರೇ ಹಂಚಿಕೊಂಡಿದ್ದರಿಂದ ಉಳಿದ ದುಡ್ಡು ಅಲ್ಲಿಗೇ ಹೋಯಿತು. ಡಿಸೆಂಬರ್ ಕೊನೆಯ ವಾರ ಸಮ್‌ನ ದರ ಕೇಳಿದರೆ ತಲೆ ತಿರುಗುತ್ತದೆ. ಎಲ್ಲಿಗೇ ಹೋಗಿ, ಬುಕ್ ಮಾಡುವಾಗ ಮೂರು ಮಾತು ಬಾಯಿಬಿಟ್ಟು ಕೇಳಿ: ಸವಾರಿ ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು, ಎಷ್ಟು ಗಂಟೆಗೆ ಶುರು. ಐದು ಗಂಟೆಗೆ ಶುರು ಅಂದರೆ ಚಳಿಗಾಲದಲ್ಲಿ ದಿಬ್ಬ ಮುಟ್ಟುವಷ್ಟರಲ್ಲಿ ಸೂರ್ಯ ಇಳಿದಿರುತ್ತದೆ. ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ರಾತ್ರಿ ಉಳಿಯದೆ ಜೈಸಲ್ಮೇರ್‌ಗೆ ವಾಪಸ್ ಬರೋದಾದರೆ ಡ್ರೈವರ್‌ಗೂ ಊಟ ಇದೆಯಾ ಅಂತಲೂ ಕೇಳಿ. ನಮ್ಮ ಸಮ್ ಕ್ಯಾಂಪ್‌ನಲ್ಲಿ ಇರಲಿಲ್ಲ. ಆತ ಹೊರಗೆ ಕಾರಿನಲ್ಲೇ ಕೂತಿದ್ದ, ಅಪ್ಪ ಗಮನಿಸಿ ಹೋಗಿ ಕರೆದುಕೊಂಡು ಬಂದರು.